ಎಲ್ಲ ಎಫ್‌ಎಂನಲ್ಲೂ ಒಂದೇ ಹಾಡು ಯಾಕೆ?

ಮೊದಲು ಇಂಗ್ಲಿಷ್ ಜಾಸ್ತಿ ಇತ್ತು, ಆಮೇಲೆ ಪೂರ್ತಿ ಕನ್ನಡ ಆಯ್ತು, ಈಗ ಹಿಂದಿ ಹಾಕ್ತಾರೆ. ಬೆಂಗಳೂರಿನ ಎಫ್‌ಎಂ ಚಾನೆಲ್‌ಗಳ ಬಗ್ಗೆ ಮಾತು ಶುರುವಾದರೆ ಯಾವುದು ಯಾವಾಗ ಬದಲಾಯಿತು ಅನ್ನುವುದೇ ಗೋಜಲು. ಬದಲಾಗಿದ್ದು ಕೇಳುಗರ ರುಚಿಯಿಂದ ಅಂತ ಚಾನೆಲ್‌ನವರು ಹೇಳುತ್ತಾರೆ. ಅರ್ಧ ನಿಜ.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಶುರುಮಾಡಿದ ಬಾನುಲಿಯ ಸಾಹಸ ಬಿಟ್ಟರೆ, ಇಲ್ಲಿ ದಶಕಗಳ ಕಾಲ ರೇಡಿಯೊ ಎಂದರೆ ಆಕಾಶವಾಣಿಯೇ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರ ಒಂದರದ್ದೇ ಅಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಅದು.

ಆಗಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಬಿಡ್ ಹಾಕಿದವರಲ್ಲಿ ಎಷ್ಟೋ ಜನ ಹಿಂದೆ ಸರಿದರು. ಐದು ವರ್ಷ ಬೆಂಗಳೂರಿಗೆ ಒಂದೇ ಖಾಸಗಿ ಚಾನೆಲ್. ಎದುರಾಳಿ ಇಲ್ಲದ್ದರಿಂದ ಹಿಂದಿ, ಇಂಗ್ಲಿಷ್, ಕನ್ನಡ ಎಲ್ಲವನ್ನೂ ಕಲಸಿ ಬಡಿಸಿದರೂ ನಡೆಯುತ್ತಿತ್ತು.

2005ರಲ್ಲಿ ನಿಯಮ ಬದಲಾಯಿತು. ಒಂದು ಸಲ ಪ್ರವೇಶ ಶುಲ್ಕ, ಆಮೇಲೆ ಆದಾಯದಲ್ಲಿ ಶೇ 4. 2006ರಿಂದ ಮಿರ್ಚಿ, ಬಿಗ್, ರೇಡಿಯೊ ಒನ್, ಇಂಡಿಗೋ ಒಂದರ ಹಿಂದೊಂದು ಬಂದವು. ಆದರೆ ಒಂದು ಕಂಪನಿಗೆ ಒಂದು ಊರಿನಲ್ಲಿ ಒಂದೇ ತರಂಗಾಂತರ. ಕೋಟಿಗಟ್ಟಲೆ ಸುರಿದು ಒಂದೇ ಚಾನೆಲ್ ಸಿಕ್ಕಿದವರು ಅದರಲ್ಲಿ ಹಳೇ ಹಾಡೋ ಜಾನಪದವೋ ಹಾಕುತ್ತಾ ಕೂರುತ್ತಾರಾ? ದೊಡ್ಡ ಗುಂಪಿನ ಹಿಂದೆಯೇ ಬಿದ್ದರು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಗೆ ಬಂತು. ದೊಡ್ಡ ಗುಂಪು ಕನ್ನಡ ಹಾಡನ್ನೂ ಕೇಳುತ್ತದೆ ಅಂತ ಜಾಹೀರಾತಿನವರಿಗೂ ಗೊತ್ತಾಯಿತು. ಚಾನೆಲ್‌ಗಳು ಕನ್ನಡದ ಕಡೆ ವಾಲಿದವು. ಇಂಗ್ಲಿಷ್ ಹಾಡಿನ ಇಂಡಿಗೋ ಮಾತ್ರ ತನ್ನ ಪಾಡಿಗೆ ತಾನಿತ್ತು.

ಯಾರಿಗೆ ಎಷ್ಟು ಕೇಳುಗರು ಅಂತ ಲೆಕ್ಕ ಹಾಕಲು 2007ರಲ್ಲಿ ‘ರ್‍ಯಾಮ್’ ಸಮೀಕ್ಷೆ ಬಂತು. ಆಯ್ದ ಕೆಲವರ ಕೈಗೆ ಒಂದು ಡೈರಿ ಕೊಡುತ್ತಿದ್ದರು. ಕಾಲು ಗಂಟೆಗೊಂದು ಚೌಕ, ಯಾವ ಚಾನೆಲ್ ಕೇಳಿದಿರೋ ಅದಕ್ಕೆ ಗುರುತು ಹಾಕಬೇಕು. ಜನ ಎಲ್ಲವನ್ನೂ ಆಗಿಂದಾಗಲೇ ಬರೆಯುತ್ತಾರೆಯೇ? ಎಷ್ಟೋ ಸಲ ನೆನಪಿನಿಂದ ತುಂಬುವುದು. ನೆನಪಿಗೆ ಬರುವುದು ಜೋರಾಗಿ ಕೂಗಿದ ಹೆಸರು. ಆರ್‌ಜೆ ಬಾಯಿ ತೆರೆದಾಗಲೆಲ್ಲ ಚಾನೆಲ್ ಹೆಸರು, ನಂಬರು ಹೇಳುವುದು ಸುಮ್ನೆ ಅಲ್ಲ. ‘ಬ್ರೇಕ್ ಆದ್ಮೇಲೆ ಹೇಳ್ತೀನಿ’ ಅಂತ ಎಳೆಯುವುದೂ ಅಷ್ಟೇ, ಕೇಳುಗರು ಮುಂದಿನ ಚೌಕಕ್ಕೂ ದಾಟಲಿ ಅಂತ. ಇಂಥ ಲೆಕ್ಕದಲ್ಲಿ ಹೊಸ ಹಾಡು ಹಾಕುವುದು ಅಪಾಯ, ಹಿಟ್ ಹಾಡು ಕ್ಷೇಮ. ಎಲ್ಲ ಕಡೆಯೂ ಅದೇ ಕ್ಷೇಮದ ಪಟ್ಟಿ.

2011ರ ನೀತಿ ಒಂದು ಕಂಪನಿಗೆ ಒಂದಕ್ಕಿಂತ ಹೆಚ್ಚು ಚಾನೆಲ್ ಕೊಟ್ಟಿತು. ಮಿರ್ಚಿ 98.3ರ ಜೊತೆಗೆ 95ನ್ನೂ ಪಡೆಯಿತು. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಹಿಂದಿ. ವೈವಿಧ್ಯ ಬಂತು ನಿಜ, ಆದರೆ ಅದಕ್ಕೂ ಹೊಸ ಬೆಲೆ ತೆರಬೇಕಾಯಿತು. ಆಕಾಶವಾಣಿಯ ಅಮೃತವರ್ಷಿಣಿ ಚಾನೆಲ್‌ನಲ್ಲಿ ಶಾಸ್ತ್ರೀಯ ಸಂಗೀತ ಕೇಳಿಸಿದ್ದು ಅದಕ್ಕೆ ಜಾಹೀರಾತಿನ ಗೊಡವೆ ಹೆಚ್ಚಿಲ್ಲದ್ದರಿಂದಲೇ.

ಹಾಡು ಬಿಟ್ಟು ಬೇರೇನು ಮಾಡಬಹುದಿತ್ತು? ಸುದ್ದಿ. ಆದರೆ ಖಾಸಗಿ ಎಫ್‌ಎಂ ತಾನೇ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಕೊಡಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ಕರೆಂಟು, ನೀರಿನ ಪ್ರಕಟಣೆಗೆ ಅಡ್ಡಿಯಿಲ್ಲ. ಅಂದರೆ ನಾಳೆ ಈ ಏರಿಯಾಗೆ ನೀರು ಬರಲ್ಲ ಅನ್ನಬಹುದು. ಯಾಕೆ ಬರಲ್ಲ ಅಂತ ವಿಚಾರಿಸಿ ಹೇಳಲು ಹೊರಟರೆ ಅದು ಸುದ್ದಿಯಾಗಿಬಿಡುತ್ತದೆ!

ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲಿ ಶಿಫಾರಸು ಮಾಡಿತು. ಮರುವರ್ಷ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿತು. ಸಣ್ಣ ಊರಿನಲ್ಲಿ ಸಿಗುವ ಜಾಹೀರಾತು ಬೆಂಗಳೂರಿನಷ್ಟು ಇರುವುದಿಲ್ಲ. ಅಲ್ಲಿ ಚಾನೆಲ್ ತೆಗೆದುಕೊಂಡವರು ಮೊದಲು ಕೇಳುವುದು ಈ 10 ನಿಮಿಷದ ಬಗ್ಗೆಯೇ ಇರಬೇಕು.