166 ಇನ್ನಿಂಗ್ಸ್, 104 ವರ್ಷ

1918ರಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಬೇಬ್ ರೂತ್ ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ, ಎಸೆದದ್ದು 166 ಇನ್ನಿಂಗ್ಸ್, ಮೇಲೊಂದು ಔಟ್ (ಮೂರು ಔಟ್ ಆದರೆ ಒಂದು ಇನ್ನಿಂಗ್ಸ್). 2022ರಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ಶೋಹೇ ಓತಾನಿ ಎಸೆದದ್ದು ಸರಿಯಾಗಿ 166 ಇನ್ನಿಂಗ್ಸ್. ಅವನು 13 ಪಂದ್ಯ ಗೆದ್ದು 7 ಸೋತ, ಇವನು 15 ಗೆದ್ದು 9 ಸೋತ. ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್ನಿನ (ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದು ಬಿಟ್ಟು) ಸರಾಸರಿಗೆ ಬೇಸ್‌ಬಾಲ್‌ನಲ್ಲಿ ಇಆರ್‌ಎ ಅನ್ನುತ್ತಾರೆ. ಅದು ರೂತ್‌ನದು 2.22, ಓತಾನಿಯದು 2.33. ಬ್ಯಾಟು ಹಿಡಿದಾಗ ರೂತ್ 11 ಹೋಮ್ ರನ್ (ನಮ್ಮ ಸಿಕ್ಸರಿನಂಥದ್ದು) ಹೊಡೆದ, ಓತಾನಿ 34.

ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಹೀಗೆ ಅನ್ನಿಸುತ್ತದೆ: ಎಸೆತದಲ್ಲಿ ಇಬ್ಬರೂ ಸರಿಸಮ, ಬ್ಯಾಟಿಂಗ್‌ನಲ್ಲಿ ಓತಾನಿಯದೇ ಮೂರು ಪಟ್ಟು ಮೇಲುಗೈ. ಎರಡೂ ತಪ್ಪು. ನಿಜ ಹೆಚ್ಚುಕಡಿಮೆ ತಲೆಕೆಳಗಾಗಿದೆ.

ಆಟದ ಅಂಕಿಅಂಶ ಲೆಕ್ಕ ಹಾಕಿಕೊಡುವುದು ನನ್ನ ಕಸುಬು. ಹೊಟ್ಟೆಪಾಡು ನಡೆಯುವುದು ಕ್ರಿಕೆಟ್‌ನಿಂದ. ಬೇಸ್‌ಬಾಲ್ ಹಿಡಿದದ್ದು ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗನಿಂದ. "ಮಾಮ, ರೂತ್ ದೊಡ್ಡವನೋ ಓತಾನಿ ದೊಡ್ಡವನೋ, ನೀನೇ ಲೆಕ್ಕ ಮಾಡಿ ಹೇಳು" ಅಂತ ಅವನು ಕೇಳಿ ನಾಲ್ಕು ವರ್ಷವಾಯಿತು. ಒಂದು ಸಂಜೆಯ ಕೆಲಸ ಅಂದುಕೊಂಡು ಕೂತವನು ಇನ್ನೂ ಎದ್ದಿಲ್ಲ.

ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಮೊದಲು ಮಾಡಬೇಕಾದದ್ದು, ಆಟಗಾರನನ್ನು ಅವನ ಕಾಲದ ಸರಾಸರಿ ಆಟಗಾರನ ಪಕ್ಕ ನಿಲ್ಲಿಸುವುದು. 1918ರ ಅಮೆರಿಕನ್ ಲೀಗ್‌ನಲ್ಲಿ ಸರಾಸರಿ ಇಆರ್‌ಎಯೇ 2.77. ರನ್ ಬರುವುದೇ ಕಷ್ಟವಾಗಿದ್ದ ಕಾಲ ಅದು. ಒಂದೇ ಚೆಂಡನ್ನು ಕೊಳಕಾಗಿ ಮೆತ್ತಗಾಗುವ ತನಕ ಬಳಸುತ್ತಿದ್ದರು, ಪಿಚರ್‌ಗಳು ಅದಕ್ಕೆ ಎಂಜಲು ಸವರಿ ಎಸೆಯುವುದಕ್ಕೂ ಅಡ್ಡಿಯಿರಲಿಲ್ಲ. 2022ರಲ್ಲಿ ಸರಾಸರಿ 4ರ ಹತ್ತಿರ. ಲೀಗ್‌ನ ಸರಾಸರಿಯನ್ನು ಆಟಗಾರನ ಇಆರ್‌ಎಯಿಂದ ಭಾಗಿಸಿ, ನೂರರಿಂದ ಗುಣಿಸಿ, ಮೈದಾನದ ಗುಣಕ್ಕೆ ತಕ್ಕಂತೆ ತುಸು ತಿದ್ದಿದರೆ ಸಿಗುವುದು ಇಆರ್‌ಎ ಪ್ಲಸ್. 100 ಅಂದರೆ ಸಾಧಾರಣ. ರೂತ್‌ಗೆ ಬರುವುದು 120ರ ಆಸುಪಾಸು, ಓತಾನಿಗೆ 170ರ ಆಸುಪಾಸು. ರೂತ್ ಆ ವರ್ಷ ಒಳ್ಳೆಯ ಪಿಚರ್, ಓತಾನಿ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬ.

ಸ್ಟ್ರೈಕ್‌ಔಟ್ (ಮೂರು ಒಳ್ಳೆಯ ಎಸೆತಗಳನ್ನು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು) ನೋಡಿದರೆ ಇದು ಇನ್ನೂ ನಿಚ್ಚಳ. ಅಷ್ಟೇ ಇನ್ನಿಂಗ್ಸ್‌ನಲ್ಲಿ ರೂತ್ 40 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಓತಾನಿ 219 ಜನರನ್ನು. ಇಲ್ಲೂ ಆತುರ ಬೇಡ. ಅಂದಿನ ಬ್ಯಾಟರ್‌ಗಳು ಬ್ಯಾಟನ್ನು ಮೇಲಕ್ಕೆ ಹಿಡಿದು ಹೇಗಾದರೂ ಚೆಂಡಿಗೆ ತಾಗಿಸುತ್ತಿದ್ದರು, ಸ್ಟ್ರೈಕ್‌ಔಟ್ ಆಗುವುದು ಅವಮಾನ. ಒಂಬತ್ತು ಇನ್ನಿಂಗ್ಸ್‌ಗೆ ಮೂರರಷ್ಟು ಸ್ಟ್ರೈಕ್‌ಔಟ್ ಅಂದಿನ ವಾಡಿಕೆ, ಈಗ ಎಂಟಕ್ಕೂ ಮೇಲೆ. ಈ ಸೋಡಿ ಬಿಟ್ಟ ಮೇಲೂ ರೂತ್ ತನ್ನ ಕಾಲದ ಸರಾಸರಿಗಿಂತ ಕೆಳಗೇ ಉಳಿಯುತ್ತಾನೆ, ಓತಾನಿ ತನ್ನ ಕಾಲದ್ದಕ್ಕಿಂತ ಬಹಳ ಮೇಲೆ.

ಇನ್ನು ಬ್ಯಾಟಿಂಗ್. 1918ರಲ್ಲಿ ಎಂಟು ತಂಡಗಳ ಇಡೀ ಅಮೆರಿಕನ್ ಲೀಗ್ ಹೊಡೆದ ಹೋಮ್ ರನ್ 96. ಅದರಲ್ಲಿ 11 ಒಬ್ಬನವು, ಅದೂ ಪಿಚರ್‌ನವು! 2022ರಲ್ಲಿ ಮೂವತ್ತು ತಂಡ ಸೇರಿ 5,215 ಹೋಮ್ ರನ್. ಆ ಹೊಳೆಯಲ್ಲಿ 34 ದೊಡ್ಡದೇ, ಆದರೆ ಕಣ್ಣು ಕುಕ್ಕುವಂಥದ್ದಲ್ಲ. ಅದೇ ವರ್ಷ ಆರನ್ ಜಡ್ಜ್ 62 ಹೊಡೆದಿದ್ದಾನೆ. ಬ್ಯಾಟಿಂಗ್‌ಗೂ ಇಂಥದೇ ಸೂಚ್ಯಂಕ ಇದೆ, ಓಪಿಎಸ್ ಪ್ಲಸ್. ಅದರಲ್ಲಿ ರೂತ್ 190ರ ಹತ್ತಿರ, ಓತಾನಿ 145ರ ಹತ್ತಿರ.

ನಾನು ಎಡವಿದ್ದು ಇದಾದ ಮೇಲೆ. ಮೊದಲ ಸಲ ಇಬ್ಬರ ಇಡೀ ವೃತ್ತಿಜೀವನವನ್ನೇ ಕೂಡಿಬಿಟ್ಟೆ. ಪಿಚರ್ ಆಗಿ 94 ಗೆಲುವು, ಬ್ಯಾಟರ್ ಆಗಿ 714 ಹೋಮ್ ರನ್. ರೂತ್ ಎಲ್ಲೋ ಗಗನದಲ್ಲಿ. ಅಕ್ಕನ ಮಗನಿಗೆ ಕಳಿಸಿಯೂ ಬಿಟ್ಟೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಇವೆರಡನ್ನೂ ಅವನು ಒಟ್ಟಿಗೆ ಮಾಡಿದ್ದು ಯಾವಾಗ ಮಾಮ?"

ಮಾಡಿದ್ದು ಎರಡೇ ಹಂಗಾಮು, 1918 ಮತ್ತು 1919. ಅದಕ್ಕೆ ಮುಂಚೆ ರೂತ್ ಅಪ್ಪಟ ಪಿಚರ್. 1916ರಲ್ಲಿ 323 ಇನ್ನಿಂಗ್ಸ್ ಎಸೆದು, 1.75 ಇಆರ್‌ಎಯಿಂದ ಲೀಗ್‌ಗೇ ಮೊದಲಿಗನಾದ; ಇಡೀ ಹಂಗಾಮಿನಲ್ಲಿ ಒಂದೂ ಹೋಮ್ ರನ್ ಬಿಟ್ಟುಕೊಡಲಿಲ್ಲ. 1919ರ ಕೊನೆಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಾಟವಾದ ಮೇಲೆ ಅಪ್ಪಟ ಬ್ಯಾಟರ್. ಅಲ್ಲಿದ್ದ ಹದಿನೈದು ವರ್ಷದಲ್ಲಿ ಪಿಚ್ ಮಾಡಿದ್ದು ಐದೇ ಪಂದ್ಯ. (ಐದೂ ಗೆದ್ದ ಅನ್ನುವುದು ಬೇರೆ ಮಾತು.) ಅಂದರೆ ಅವು ಒಬ್ಬನೇ ಮನುಷ್ಯನ ಎರಡು ವೃತ್ತಿಜೀವನಗಳು, ಒಂದರ ಹಿಂದೆ ಒಂದು. ಎರಡನ್ನೂ ಒಟ್ಟಿಗೆ ಹೊತ್ತ ಆ ಎರಡು ವರ್ಷ ಅವನೇ ಗೊಣಗುತ್ತಿದ್ದ. ಬ್ಯಾಟಿಂಗ್ ಮಾಡುತ್ತೇನೆ, ಎಸೆಯುವುದು ಬೇಡ ಅಂತ ಮ್ಯಾನೇಜರ್ ಜೊತೆ ಜಟಾಪಟಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರಲ್ಲಿ ಏನು ಕಷ್ಟ ಅನ್ನಿಸಬಹುದು. ಕಪಿಲ್ ದೇವ್ ಬೌಲಿಂಗ್ ಮಾಡಲಿಲ್ಲವೇ, ಬ್ಯಾಟಿಂಗ್ ಮಾಡಲಿಲ್ಲವೇ? ಬೇಸ್‌ಬಾಲ್‌ನ ತೊಡಕು ಕ್ಯಾಲೆಂಡರಿನಲ್ಲಿದೆ. ಆರು ತಿಂಗಳಲ್ಲಿ 162 ಪಂದ್ಯ, ಹೆಚ್ಚುಕಡಿಮೆ ದಿನಾ ಆಟ. ಪಿಚರ್ ಒಂದು ದಿನ ನೂರರಷ್ಟು ಎಸೆತ ಎಸೆದರೆ ನಾಲ್ಕೈದು ದಿನ ತೋಳಿಗೆ ವಿಶ್ರಾಂತಿ. ಎರಡೂ ಕೆಲಸ ಮಾಡುವ ಟು-ವೇ ಆಟಗಾರನಿಗೆ ಆ ವಿಶ್ರಾಂತಿಯ ದಿನಗಳೇ ಬ್ಯಾಟಿಂಗ್ ದಿನಗಳು. ಅದಕ್ಕೇ ನನ್ನ ಕೋಷ್ಟಕದಲ್ಲಿ ಈಗ ಒಂದೇ ನಿಯಮ: ಎರಡೂ ಕೆಲಸ ಒಂದೇ ಹಂಗಾಮಿನಲ್ಲಿ ನಡೆದಿದ್ದರೆ ಮಾತ್ರ ಜಮಾ. ಹಾಗಾಗಿ 2024ರಲ್ಲಿ ಓತಾನಿ ಡಾಜರ್ಸ್ ತಂಡದ ಪರವಾಗಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದದ್ದೂ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ಹೊರಗೇ. ಮೊಣಕೈ ಶಸ್ತ್ರಚಿಕಿತ್ಸೆಯಾಗಿ ಆ ವರ್ಷ ಅವನು ಎಸೆಯಲೇ ಇಲ್ಲ.

ಈ ನಿಯಮಕ್ಕೆ ನಿಲ್ಲುವುದರಲ್ಲಿ 2022ರ ಓತಾನಿಗೆ ಸಾಟಿಯಿಲ್ಲ ಎಂಬುದು ನನ್ನ ತೀರ್ಮಾನ. ಪಿಚರ್‌ಗಳ ಪಟ್ಟಿಗೆ ಅರ್ಹನಾಗಲು 162 ಇನ್ನಿಂಗ್ಸ್ ಬೇಕು, ಬ್ಯಾಟರ್‌ಗಳ ಪಟ್ಟಿಗೆ 502 ಸರದಿ. ಆಧುನಿಕ ಯುಗದಲ್ಲಿ ಒಂದೇ ಹಂಗಾಮಿನಲ್ಲಿ ಎರಡನ್ನೂ ದಾಟಿದ ಮೊದಲಿಗ ಅವನು, ಬ್ಯಾಟಿಂಗ್ ಸರದಿ 666. ರೂತ್‌ಗೆ 1918ರಲ್ಲಿ ಸಿಕ್ಕಿದ್ದು 380ರಷ್ಟು. ಸರದಿಗೆ ಲೆಕ್ಕ ಹಾಕಿದರೆ ರೂತ್ ಮೇಲು, ಹೊತ್ತ ಹೊರೆಯಲ್ಲಿ ಓತಾನಿ ಮೇಲು.

ರೂತ್ ಪರವಾಗಿ ಒಂದು ಮಾತು ಹೇಳಲೇಬೇಕು. ಎಸೆಯದ ದಿನ ಅವನು ಹೊರಾಂಗಣದಲ್ಲೋ ಮೊದಲ ಬೇಸ್‌ನಲ್ಲೋ ಬಿಸಿಲಿನಲ್ಲಿ ನಿಂತು ಫೀಲ್ಡಿಂಗ್ ಮಾಡುತ್ತಿದ್ದ. ಓತಾನಿಗೆ ಆ ಕೆಲಸವಿಲ್ಲ, ಅವನು ಬ್ಯಾಟಿಂಗ್‌ಗಷ್ಟೇ ಇಳಿಯುವ ಡಿಎಚ್. ಪಿಚರ್ ಆಗಿ ಹೊರಬಂದ ಮೇಲೂ ಡಿಎಚ್ ಆಗಿ ಮುಂದುವರಿಯಬಹುದು ಎಂಬ ನಿಯಮವನ್ನು 2022ರಲ್ಲಿ ತಂದದ್ದೇ ಅವನನ್ನು ಮನಸ್ಸಿನಲ್ಲಿಟ್ಟುಕೊಂಡು.

ಇಲ್ಲಿಯವರೆಗಿನ ಲೆಕ್ಕವೆಲ್ಲ ನಿಂತಿರುವುದು 'ಸರಾಸರಿ' ಎಂಬ ಒಂದೇ ಕಾಲಿನ ಮೇಲೆ. ಆ ಸರಾಸರಿಯ ಒಳಗೆ ಯಾರಿದ್ದರು? 1918 ಮಹಾಯುದ್ಧದ ವರ್ಷ. ದುಡಿಯಿರಿ ಇಲ್ಲವೇ ಯುದ್ಧಕ್ಕೆ ಹೊರಡಿ ಎಂಬ ಸರ್ಕಾರಿ ಆಜ್ಞೆಯಿಂದ ತಂಡಗಳು ಬರಿದಾಗಿ, ಸೆಪ್ಟೆಂಬರ್ ಮೊದಲಿಗೇ ಹಂಗಾಮು ಮುಗಿಸಿದರು. ಉಳಿದವರಲ್ಲೂ ವಾಲ್ಟರ್ ಜಾನ್ಸನ್‌ನಂಥ ಪಿಚರ್ ಇದ್ದ, ನಿಜ. ಆದರೆ ಕರಿಯ ಆಟಗಾರ ಒಬ್ಬನೂ ಇರಲಿಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೂ ಬಾಗಿಲು ಮುಚ್ಚಿತ್ತು. ಕೆಲವರನ್ನು ಹೊರಗಿಟ್ಟು ತೆಗೆದ ಸರಾಸರಿ ತಗ್ಗಿರುತ್ತದೆ, ಅದರ ಪಕ್ಕ ನಿಂತವನು ಎತ್ತರ ಕಾಣುತ್ತಾನೆ. ರೂತ್‌ನ ಆ 190ರಲ್ಲಿ ಎಷ್ಟು ಪಾಲು ಅವನದು, ಎಷ್ಟು ಮುಚ್ಚಿದ ಬಾಗಿಲಿನದು ಎಂದು ಬೇರ್ಪಡಿಸುವ ಸೂತ್ರ ನನ್ನ ಬಳಿ ಇಲ್ಲ. ಇದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ.

ಆ ಬಾಗಿಲಿನಾಚೆ ಇದ್ದವರಲ್ಲಿ ಟು-ವೇ ಆಟ ಅಪರೂಪವೇ ಅಲ್ಲ. ಕರಿಯ ಆಟಗಾರರದೇ ಆದ ನೀಗ್ರೋ ಲೀಗ್ ತಂಡಗಳು ಚಿಕ್ಕವು, ಊರೂರು ಸುತ್ತಿ ಆಡುವಂಥವು. ಎಸೆಯದ ದಿನ ಪಿಚರ್‌ನನ್ನು ಸುಮ್ಮನೆ ಕೂರಿಸುವುದು ಅವಕ್ಕೆ ಕಟ್ಟುತ್ತಿರಲಿಲ್ಲ. ಕ್ಯೂಬಾದ ಮಾರ್ಟಿನ್ ಡಿಹಿಗೊ 1938ರಲ್ಲಿ ಮೆಕ್ಸಿಕೊದ ಲೀಗ್‌ನಲ್ಲಿ 18 ಗೆದ್ದು 2 ಸೋತ, ಇಆರ್‌ಎ 0.90. ಅದೇ ಹಂಗಾಮಿನಲ್ಲಿ .387ರ ಸರಾಸರಿಯಿಂದ ಬ್ಯಾಟಿಂಗ್ ಪಟ್ಟವನ್ನೂ ಗೆದ್ದ.

ನನಗೆ ಹೆಚ್ಚು ಕಾಡುವವನು ಬುಲೆಟ್ ರೋಗನ್. ಕುಳ್ಳ ಆಳು. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಮುಖ್ಯ ಪಿಚರ್, ಜೊತೆಗೆ ತಂಡ ಹೆಚ್ಚು ನೆಚ್ಚುವ ನಾಲ್ಕನೇ ಕ್ರಮಾಂಕದ ಬ್ಯಾಟರ್, ಉಳಿದ ದಿನ ಹೊರಾಂಗಣದ ಫೀಲ್ಡರ್. ಎರಡು ವರ್ಷವಲ್ಲ, 1920ರ ದಶಕದ ಬಹುಪಾಲು ಹೀಗೇ. 1925ರ ಅಂತಿಮ ಸರಣಿಗೆ ಮುಂಚೆ ಮನೆಯಲ್ಲಿ ಮಗುವಿನ ಜೊತೆ ಆಡುವಾಗ ಕಾಲಿಗೆ ಸೂಜಿ ನೆಟ್ಟು ಅವನು ಹೊರಗುಳಿದ. ಹಿಂದಿನ ವರ್ಷ ಹಿಲ್‌ಡೇಲ್ ತಂಡವನ್ನು ಮಣಿಸಿದ್ದ ಮೊನಾರ್ಕ್ಸ್ ಅದೇ ತಂಡಕ್ಕೆ ಸೋತಿತು. ಅವನ ಅಂಕಿಗಳು ನಮಗೆ ಸಿಕ್ಕಿರುವುದು ಹಳೆಯ ಪತ್ರಿಕೆಗಳ ಸ್ಕೋರ್‌ಕಾರ್ಡ್‌ಗಳನ್ನು ಒಂದೊಂದಾಗಿ ಹೆಕ್ಕಿದ ಸಂಶೋಧಕರಿಂದ. ಮೇಜರ್ ಲೀಗ್‌ನ ಅಧಿಕೃತ ದಾಖಲೆಗೆ ಅವು ಸೇರಿದ್ದು 2024ರಲ್ಲಿ.

ರೋಗನ್ ಮೊನಾರ್ಕ್ಸ್‌ಗೆ ಬರುವ ಹೊತ್ತಿಗೆ ಇಪ್ಪತ್ತೈದು ದಾಟಿತ್ತು. ರೂತ್ ಆ 166 ಇನ್ನಿಂಗ್ಸ್ ಎಸೆಯುತ್ತಿದ್ದ 1918ರಲ್ಲಿ ಅವನು ಅಮೆರಿಕನ್ ಸೇನೆಯ ಕರಿಯರ ದಳವಾದ 25ನೇ ಇನ್‌ಫೆಂಟ್ರಿಯಲ್ಲಿ ಸಿಪಾಯಿ, ರೆಜಿಮೆಂಟಿನ ತಂಡಕ್ಕೆ ಆಡುತ್ತಿದ್ದ. ನನ್ನ ಕೋಷ್ಟಕದಲ್ಲಿ ಆ ವರ್ಷಕ್ಕೂ ಅವನ ಹೆಸರಿನ ಒಂದು ಸಾಲಿದೆ. ಅದರಲ್ಲಿ ಸೊನ್ನೆ ಹಾಕಿಲ್ಲ, ಖಾಲಿ ಬಿಟ್ಟಿದ್ದೇನೆ. ಸೊನ್ನೆ ಹಾಕಿದರೆ ಕಂಪ್ಯೂಟರ್ ಅದನ್ನೂ ಸರಾಸರಿಗೆ ಸೇರಿಸಿಕೊಳ್ಳುತ್ತದೆ.