ಗೋಷ್ಠಿ ನಡೆಸಿಕೊಡುವಾಗ ನಾನು ಕಲಾವಿದೆಯೋ, ಸಂಶೋಧಕಿಯೋ?

ಪ್ರಶ್ನೆ: ಯಕ್ಷಗಾನ ಕುಣಿಯುತ್ತೇನೆ, ಅದರ ಮೇಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಮುಂದಿನ ತಿಂಗಳು ಒಂದು ಗೋಷ್ಠಿ ನಡೆಸಿಕೊಡಿ ಎಂದಿದ್ದಾರೆ. ಮೂವರು ಹಿರಿಯ ಅತಿಥಿಗಳು, ಒಂದು ಗಂಟೆ. ನಾನು ಎಷ್ಟು ಮಾತಾಡಬೇಕು, ಏನಾಗಿ ಮಾತಾಡಬೇಕು?

ಇದಕ್ಕೆ ನೀವು ದೂರ ಹೋಗಬೇಕಿಲ್ಲ. ಒಂದು ತಾಳಮದ್ದಳೆಗೆ, ಅಂದರೆ ಕೂತೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂತರೆ ಸಾಕು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತಾಡುವವರು, ಎದುರುಬದುರು ಕೂತು ಆ ಹೊತ್ತಿಗೆ ಹೊಳೆದದ್ದನ್ನೇ ವಾದಕ್ಕೆ ಹೂಡುತ್ತಾರೆ. ಎಲ್ಲರ ಕಣ್ಣೂ ಅವರ ಮೇಲೆ. ನೀವು ಮಾತ್ರ ಪದ್ಯ ಹಾಡಿ ಕಥೆ ನಡೆಸುವ ಭಾಗವತರನ್ನು ನೋಡಿ. ಪದ್ಯ ಹಾಡಿ ಸುಮ್ಮನಾಗುತ್ತಾರೆ. ಕೃಷ್ಣ, ಕೌರವರ ಮಾತು ಕಾವೇರುತ್ತಿದ್ದರೆ ಬಿಟ್ಟುಬಿಡುತ್ತಾರೆ, ಅದೇ ಹೇಳಿದ್ದನ್ನೇ ತಿರುಗಿಸಿ ಹೇಳತೊಡಗಿದರೆ ತಾಳ ಹಿಡಿದು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಯಾರಿಗೂ ಅವಮಾನ ಆಗಲ್ಲ, ಕಥೆ ಮುಂದೆ ಹೋಗುತ್ತೆ. ನಿಮ್ಮ ಕೆಲಸವೂ ಅಷ್ಟೇ.

ನಾನು ಮೊದಲ ಸಲ ಗೋಷ್ಠಿ ನಡೆಸಿದಾಗ ಪೀಠಿಕೆಗೇ 14 ನಿಮಿಷ ತಿಂದಿದ್ದೆ! ಓದಿದ್ದೆಲ್ಲ ಹೇಳಬೇಕು ಅನ್ನೋ ಚಪಲ, ಮತ್ತೇನಲ್ಲ. ಪಕ್ಕದಲ್ಲಿದ್ದ ಹಿರಿಯ ಕಲಾವಿದರು ಶಾಲಿನ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದರು. ಈಗ ಪೀಠಿಕೆ 3 ನಿಮಿಷ, ಅತಿಥಿಗಳಿಗೆ ತಲಾ 8, ಉಳಿದದ್ದೆಲ್ಲ ಅವರವರ ನಡುವಿನ ಮಾತಿಗೆ ಮತ್ತು ಸಭೆಗೆ.

ಹಾಗಾದರೆ ನೀವು ಕುಣಿಯುವವರು ಅನ್ನೋದು ಎಲ್ಲಿ ಉಪಯೋಗಕ್ಕೆ ಬರುತ್ತೆ? ಪ್ರಶ್ನೆಯಲ್ಲಿ. 'ಯಕ್ಷಗಾನದಲ್ಲಿ ಲಯದ ಪರಿಕಲ್ಪನೆ ಏನು' ಅಂತ ಕೇಳಿದರೆ ಹಿರಿಯರು ಭಾಷಣ ಮಾಡುತ್ತಾರೆ, ಅದೂ ನಿಮ್ಮನ್ನು ಮೆಚ್ಚಿಸೋಕೆ ಪುಸ್ತಕದ ಮಾತು. 'ಈ ಹೆಜ್ಜೆಗೆ ನಿಮ್ಮ ಗುರುಗಳು ಬಾಯಿತಾಳ ಹೇಗೆ ಹೇಳ್ಕೊಡ್ತಿದ್ರು?' ಅಂತ ಕೇಳಿ ನೋಡಿ (ಬಾಯಿತಾಳ ಅಂದರೆ ತಾಳದ ಪೆಟ್ಟುಗಳನ್ನು ಬಾಯಲ್ಲೇ ಹೇಳೋದು). ಕೈ ತಾನಾಗಿಯೇ ಮೇಜು ತಟ್ಟುತ್ತೆ, ಕುರ್ಚಿಯಲ್ಲಿ ಕೂತೇ ಕಾಲು ಆಡುತ್ತೆ. ಹೆಜ್ಜೆ ಗೊತ್ತಿಲ್ಲದವರಿಗೆ ಈ ಪ್ರಶ್ನೆ ಹೊಳೆಯೋದೇ ಇಲ್ಲ. ಆದರೆ ಅವರು ತೋರಿಸಿದ ತಕ್ಷಣ 'ಅಂದರೆ ಇವರು ಹೇಳಿದ್ದು ಏನಪ್ಪಾ ಅಂದ್ರೆ' ಅಂತ ನೀವು ವಿವರಿಸೋಕೆ ಹೋಗಬೇಡಿ. ನಿಮ್ಮ ಪ್ರಬಂಧದ ವಾದವನ್ನೂ ಅಲ್ಲಿ ತರಬೇಡಿ, ಅದಕ್ಕೆ ಬೇರೆ ದಿನ ಇದೆ.

ಸಭೆಯಲ್ಲಿ 'ಪ್ರಶ್ನೆ ಅಲ್ಲ, ಒಂದು ಅನಿಸಿಕೆ' ಅಂತ ಎದ್ದು ನಿಲ್ಲುವವರು ಇದ್ದೇ ಇರುತ್ತಾರೆ. 'ಚುಟುಕಾಗಿ ಹೇಳಿ' ಅಂದರೆ ಅವರ ಮಾತು ಇನ್ನೂ ಜಾಸ್ತಿ ಆಗುತ್ತೆ. ಅವರು ಉಸಿರು ತಗೊಳ್ಳುವ ಜಾಗ ಕಾಯಿರಿ, ಅವರದೇ ಒಂದು ಪದ ಹಿಡಿಯಿರಿ: 'ಬಣ್ಣಗಾರಿಕೆ ಅಂದ್ರಲ್ಲ, ಅದನ್ನೇ ಇವರ ಹತ್ರ ಕೇಳೋಣ.' ಭಾಗವತರು ಪದ್ಯ ಎತ್ತಿದ ಹಾಗೆಯೇ, ಅಲ್ವಾ?

ಪ್ರದರ್ಶನದ ಮೇಲೇ ಚರ್ಚೆ ಇದ್ದರೆ, ಸಾಧ್ಯವಾದರೆ ಮರುದಿನಕ್ಕೆ ಇಡಿಸಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಮಾತು ಬೆಳಿಗ್ಗೆ ನಡೆಯುತ್ತೆ. ಒಂದು ನಿದ್ದೆ ಆದ ಮೇಲೆ ಜನ ಬರೀ 'ಚೆನ್ನಾಗಿತ್ತು' ಅನ್ನಲ್ಲ, ಯಾವ ದೃಶ್ಯ ಕಾಡಿತು ಅಂತ ಹೇಳುತ್ತಾರೆ.

ಇನ್ನೊಂದು, ಹಿಂದಿನ ದಿನ ಅತಿಥಿಗಳಿಗೆಲ್ಲ ಫೋನ್ ಮಾಡಿ ಮೊದಲ ಪ್ರಶ್ನೆ ಹೇಳಿಬಿಡಿ, ಅವರಿಗೆ ಧೈರ್ಯ ಬರುತ್ತೆ. ಎರಡನೆಯದನ್ನು ಮಾತ್ರ ಹೇಳಬೇಡಿ, ಬರೆದಿಟ್ಟುಕೊಳ್ಳಲೂ ಬೇಡಿ. ಅದು ಅವರ ಮೊದಲ ಉತ್ತರದಿಂದಲೇ ಬರಬೇಕು.