ಕ್ಯಾರವಾನಿನಲ್ಲಿ ಮನೆಯ ಓವನ್: ಬ್ಯಾಟರಿ ತಾಳುತ್ತದೆಯೇ?

ಪ್ರಶ್ನೆ: ನಾವು ಎರಡು ಕುಟುಂಬದವರು ಸೇರಿ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಮಳೆಗಾಲ ಕಳೆದ ಮೇಲೆ ಬೇಕಲ, ರಾಣಿಪುರಂ ನೋಡಿಕೊಂಡು ಪಾಣತ್ತೂರು, ಕರಿಕೆಯ ದಾರಿಯಾಗಿ ಭಾಗಮಂಡಲಕ್ಕೆ ಹೋಗುವ ಯೋಚನೆಯಿದೆ. ಮನೆಯಲ್ಲಿರುವ 25 ಲೀಟರಿನ ಓಟಿಜಿ (ಕಾಯಿಲಿನ ಶಾಖದಿಂದ ಬೇಯಿಸುವ, ಟೋಸ್ಟ್ ಮಾಡುವ, ಸುಡುವ) ಓವನನ್ನು ಗಾಡಿಯಲ್ಲಿಟ್ಟು ಇನ್ವರ್ಟರಿನಿಂದ ನಡೆಸಬಹುದೇ? ಗಾಡಿಯಲ್ಲಿ 12 ವೋಲ್ಟಿನ, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಒಂದಿದೆ.
(ಬದಿಯಡ್ಕದ ಓದುಗರೊಬ್ಬರು)

ಉತ್ತರ: ಓವನನ್ನು ಒಯ್ಯಬಹುದು, ಆದರೆ ಆ ಬ್ಯಾಟರಿಯಿಂದ ನಡೆಸಬಾರದು. ಗಾಡಿ ನಿಲ್ಲಿಸಿದಲ್ಲಿ ಕರೆಂಟಿನ ಸಂಪರ್ಕ ಸಿಕ್ಕಿದಾಗ ಮಾತ್ರ ಅದನ್ನು ಬಳಸುವುದು ಸರಿ. ಅದಕ್ಕೂ 25 ಲೀಟರಿನದ್ದಕ್ಕಿಂತ 9 ಅಥವಾ 10 ಲೀಟರಿನ ಚಿಕ್ಕ ಓವನ್ ಹೆಚ್ಚು ಅನುಕೂಲ.

ಕಾರಣ ಲೆಕ್ಕದಲ್ಲಿದೆ. 25 ಲೀಟರಿನ ಓಟಿಜಿ ಸಾಮಾನ್ಯವಾಗಿ 1500 ವಾಟಿನ ಆಸುಪಾಸಿನದ್ದಾಗಿರುತ್ತದೆ. ನಿಮ್ಮದು ಎಷ್ಟರದ್ದೆಂದು ಅದರ ಹಿಂಬದಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಮನೆಯ 230 ವೋಲ್ಟಿನಲ್ಲಿ ಇದು ಎಳೆಯುವುದು ಆರೂವರೆ ಆಂಪಿಯರ್ ಮಾತ್ರ. ಅದೇ ಓವನನ್ನು 12 ವೋಲ್ಟಿನ ಬ್ಯಾಟರಿಯಿಂದ ನಡೆಸುವಾಗ, ಇನ್ವರ್ಟರಿನಲ್ಲಿ ಶೇಕಡಾ 15ರಷ್ಟು ನಷ್ಟವಾಗುತ್ತದೆಂದು ಹಿಡಿದರೆ, ಬ್ಯಾಟರಿಯಿಂದ ಹರಿಯಬೇಕಾದ ಕರೆಂಟು ಸುಮಾರು 147 ಆಂಪಿಯರ್ ಆಗುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿ ಇಷ್ಟನ್ನು ಒಂದು ಗಂಟೆ ಕೊಟ್ಟೀತು ಎಂದು ಅನೇಕರು ಭಾವಿಸುತ್ತಾರೆ. ಆದರೆ ಟ್ಯೂಬುಲರ್ ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯ ಹತ್ತು ಅಥವಾ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖರ್ಚು ಮಾಡಿದಾಗ ಸಿಗುವಂಥದ್ದು. ಒಂದೇ ಸಲಕ್ಕೆ ಇಷ್ಟು ಕರೆಂಟು ಎಳೆದರೆ ವೋಲ್ಟೇಜು ಥಟ್ಟನೆ ಕುಸಿದು, ಚಾರ್ಜು ಇನ್ನೂ ಉಳಿದಿರುವಾಗಲೇ ಇನ್ವರ್ಟರ್ ತಾನಾಗಿ ನಿಂತುಬಿಡುತ್ತದೆ. ಇದನ್ನೇ ಮತ್ತೆಮತ್ತೆ ಮಾಡಿದರೆ ಬ್ಯಾಟರಿಯ ಆಯುಸ್ಸು ಬೇಗ ಮುಗಿಯುತ್ತದೆ.

ಒಂದು ಕೇಕಿನ ಖರ್ಚನ್ನು ನೋಡೋಣ. ಹತ್ತು ನಿಮಿಷ ಓವನನ್ನು ಮೊದಲೇ ಕಾಯಿಸಲು 250 ವಾಟ್-ಅವರ್ (ವಾಟನ್ನು ಗಂಟೆಯಿಂದ ಗುಣಿಸಿದ್ದು) ಬೇಕು. ಆಮೇಲಿನ ಅರ್ಧ ಗಂಟೆಯಲ್ಲಿ ಥರ್ಮೊಸ್ಟಾಟ್ ಕಾಯಿಲನ್ನು ಆಗಾಗ ಆರಿಸುವುದರಿಂದ ಅದು ಅರ್ಧ ಹೊತ್ತು ಮಾತ್ರ ಉರಿಯುತ್ತದೆಂದು ಎಣಿಸಿದರೂ ಇನ್ನೊಂದು 375 ಸೇರುತ್ತದೆ. ಇನ್ವರ್ಟರಿನ ನಷ್ಟವನ್ನೂ ಕೂಡಿಸಿದರೆ ಬ್ಯಾಟರಿಯಿಂದ ಹೋಗುವುದು 735ರಷ್ಟು. ನಿಮ್ಮ ಟ್ಯೂಬುಲರಿನಂಥ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬ ನಿಯಮ ಪಾಲಿಸಿದರೆ ನಿಮ್ಮ ಕೈಯಲ್ಲಿರುವುದೇ 900 ವಾಟ್-ಅವರ್ (12ನ್ನು 150ರಿಂದ ಗುಣಿಸಿದ್ದರ ಅರ್ಧ), ಅದೂ ನಿಧಾನವಾಗಿ ಬಳಸಿದರೆ. ಒಂದು ಕೇಕಿಗೆ ಇಷ್ಟು ಕೊಟ್ಟ ಮೇಲೆ ರಾತ್ರಿಯ ಫ್ಯಾನಿಗೆ, ದೀಪಕ್ಕೆ, ನೀರಿನ ಪಂಪಿಗೆ ಏನೂ ಮಿಗುವುದಿಲ್ಲ. ಮಾಡಿನ ಮೇಲೆ 200 ವಾಟಿನ ಸೋಲಾರ್ ಫಲಕವಿದ್ದರೂ ಒಳ್ಳೆಯ ಬಿಸಿಲಿನ ಇಡೀ ದಿನಕ್ಕೆ ಅದು ಮರಳಿಸುವುದು 700ರಿಂದ 800. ಮೋಡವಿದ್ದರೆ ಅದರ ಒಂದು ಪಾಲು ಮಾತ್ರ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಮಾತು ಬೇರೆ. 200 ಆಂಪಿಯರ್-ಅವರಿನ ಒಂದು ಬ್ಯಾಟರಿಯಲ್ಲಿ ಸುಮಾರು 2000 ವಾಟ್-ಅವರನ್ನು ನಿಶ್ಚಿಂತೆಯಿಂದ ಬಳಸಬಹುದು, ಮತ್ತು 800 ವಾಟಿನ ಚಿಕ್ಕ ಓವನ್ ಅರ್ಧ ಗಂಟೆಗೆ ಅದರಿಂದ 300ಕ್ಕಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಆದರೆ ಇನ್ವರ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವಿಎ (ವೋಲ್ಟ್-ಆಂಪಿಯರ್) ಸಂಖ್ಯೆಯನ್ನೇ ವಾಟ್ ಎಂದು ತಿಳಿಯಬೇಡಿ. ಹಲವು ಇನ್ವರ್ಟರುಗಳಲ್ಲಿ ವಾಟ್ ಅದಕ್ಕಿಂತ ಕಡಿಮೆ ಇರುತ್ತದೆ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತಂತಿ ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು, ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಸ್ ಇರಬೇಕು. ಈ ಕೆಲಸವನ್ನು ವಾಹನದ ವಿದ್ಯುತ್ ಕೆಲಸ ಬಲ್ಲವರಿಂದಲೇ ಮಾಡಿಸಿ. ನೂರು ಆಂಪಿಯರ್ ಹರಿಯುವ ತಂತಿಯಲ್ಲಿ ಒಂದು ಸಡಿಲ ನಟ್ಟು ಸಾಕು, ಬೆಂಕಿ ಹತ್ತಿಕೊಳ್ಳಲು.

ಮೈಕ್ರೋವೇವ್ ಆಗಬಹುದೇ ಎಂದು ಮುಂದೆ ನೀವೇ ಕೇಳುವಿರಿ. 700 ವಾಟಿನದ್ದೆಂದು ಮಾರುವ ಮೈಕ್ರೋವೇವ್ ನಿಜವಾಗಿ ಎಳೆಯುವುದು 1100ರ ಮೇಲೆ, ಮತ್ತು ಅದಕ್ಕೆ ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ಇನ್ವರ್ಟರೇ ಬೇಕು. ಆದರೂ ಅನ್ನ, ಸಾಂಬಾರು ಬಿಸಿಮಾಡಲು ಅದಕ್ಕೆ ಮೂರು ನಿಮಿಷ ಸಾಕು. ಖರ್ಚು 60 ವಾಟ್-ಅವರಿನಷ್ಟೆ. ನಿಮ್ಮ ಬ್ಯಾಟರಿಗೆ ಇದೂ ಹಗುರವಲ್ಲ, ಆದರೆ ಲಿಥಿಯಂ ಹಾಕಿಸಿಕೊಂಡ ಗಾಡಿಗೆ ಓಟಿಜಿಗಿಂತ ಇದೇ ಹೊಂದುತ್ತದೆ. ವಾಟ್ ಎಷ್ಟು ಎಂಬುದಷ್ಟೇ ಅಲ್ಲ, ಎಷ್ಟು ಹೊತ್ತು ಎಂಬುದೂ ಸೇರಿಯೇ ಬ್ಯಾಟರಿಯನ್ನು ಖಾಲಿ ಮಾಡುವುದು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ 12 ವೋಲ್ಟಿನ ಊಟದ ಪೆಟ್ಟಿಗೆಗಳೂ ಸಿಗುತ್ತವೆ. ಅವು ನೂರು ವಾಟಿನ ಆಸುಪಾಸಿನವು. ಬಿಸಿಯಾಗಲು ಒಂದು ಗಂಟೆಗೂ ಮಿಕ್ಕಿ ಬೇಕು. ಗಾಡಿ ಓಡುತ್ತಿರುವಾಗ ಬಳಸಬಹುದಾದದ್ದು ಇದೊಂದೇ. ಮೊದಲೇ ಬೆಂದ ಆಹಾರವನ್ನಷ್ಟೇ ಅದರಲ್ಲಿಡಿ. ಹಸಿ ಮೀನು, ಮಾಂಸ ಅಷ್ಟು ನಿಧಾನವಾಗಿ ಬಿಸಿಯಾಗುವಾಗ ಕೆಡುತ್ತವೆ.

ಇನ್ನು ಕರೆಂಟು ಸಿಗುವ ಜಾಗದ ವಿಷಯ. ಹೋಂಸ್ಟೇಯವರನ್ನು ಮುಂಚಿತವಾಗಿ ಕೇಳಬೇಕಾದದ್ದು ಪ್ಲಗ್ ಇದೆಯೇ ಎಂದಲ್ಲ, ದೊಡ್ಡ ಪವರ್ ಪ್ಲಗ್ ಇದೆಯೇ ಎಂದು. ಚಿಕ್ಕ 6 ಆಂಪಿಯರ್ ಪ್ಲಗ್ಗಿನ ಮಿತಿ 1380 ವಾಟ್. ನಿಮ್ಮ ಓವನ್ ಅದನ್ನು ಮೀರುತ್ತದೆ, 800 ವಾಟಿನದ್ದು ಮೀರುವುದಿಲ್ಲ. ಎಕ್ಸ್‌ಟೆನ್ಶನ್ ವೈರು 2.5 ಚದರ ಮಿಲಿಮೀಟರ್ ತಾಮ್ರದ್ದಾಗಿರಲಿ, ಅದನ್ನು ಸುರುಳಿಯಿಂದ ಪೂರ್ತಿಯಾಗಿ ಬಿಚ್ಚಿಡಿ. ಸುತ್ತಿಟ್ಟ ವೈರು ಒಳಗೊಳಗೇ ಕಾದು ಕರಗುತ್ತದೆ. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಗಾಡಿಯಲ್ಲಿ ಇರಲೇಬೇಕು, ಏಕೆಂದರೆ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ತಗಡಿನ ಗಾಡಿಯನ್ನು ಮುಟ್ಟುವವರಲ್ಲಿ ಮಕ್ಕಳೂ ಇರುತ್ತಾರೆ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು ಇಳಿಯುವುದುಂಟು. ಅದು 190ಕ್ಕೆ ಇಳಿದರೆ ಓವನಿನ ಶಾಖ ಮೂರರಲ್ಲಿ ಎರಡು ಪಾಲಿನಷ್ಟಾಗುತ್ತದೆ. ಆಗ ಪಾಕವಿಧಾನದ ನಿಮಿಷಗಳನ್ನು ನಂಬದೆ ಬೆಂದಿದೆಯೇ ಎಂದು ಚುಚ್ಚಿ ನೋಡಿ.

ಓವನನ್ನು ಗಾಡಿಯ ಒಳಗಿಡುವುದಕ್ಕಿಂತ, ಗಾಳಿ ಮಳೆ ತಾಗದ ಚಪ್ಪರದ ಕೆಳಗೆ ಗಟ್ಟಿ ಮೇಜಿನ ಮೇಲಿಡುವುದನ್ನೇ ನಾನು ಒತ್ತಿ ಹೇಳುತ್ತೇನೆ. ಓಟಿಜಿಯ ಹೊರಮೈಯೂ ಸುಡುತ್ತದೆ. ಪರದೆ, ರೆಕ್ಸಿನ್, ಫೋಮ್, ಪ್ಲೈವುಡ್ ತುಂಬಿದ ಇಕ್ಕಟ್ಟಿನಲ್ಲಿ ಸುತ್ತಲೂ ಒಂದು ಗೇಣು ಜಾಗ ಬಿಡುವುದು ಕಷ್ಟ. ಕರಾವಳಿಯ ಸೆಕೆಯಲ್ಲಿ 1500 ವಾಟಿನ ಶಾಖವನ್ನು ಮಲಗುವ ಕೋಣೆಗೇ ಬಿಟ್ಟುಕೊಳ್ಳುವುದೂ ಬೇಡ. ಬಾಳೆಲೆಯಲ್ಲಿ ಸುತ್ತಿದ ಬಂಗುಡೆಯನ್ನು ಒಳಗೆ ಸುಟ್ಟರೆ ಅದರ ವಾಸನೆ ಭಾಗಮಂಡಲದವರೆಗೂ ಪರದೆಯಲ್ಲಿ ಉಳಿಯುತ್ತದೆ. ಹೊರಗೆ ಸುಟ್ಟರೆ, 200 ಡಿಗ್ರಿಯಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕೆ ಬೇಯುವ ಆ ಮೀನಿನಷ್ಟು ಚೆನ್ನಾಗಿ ಚಿಕ್ಕ ಓವನಿಗೆ ಒಗ್ಗುವ ತಿನಿಸು ಇನ್ನೊಂದಿಲ್ಲ. ಗೆಣಸು, ಪಸೆಯಿಂದ ಮೆತ್ತಗಾದ ಗೇರುಬೀಜ ಇವುಗಳಿಗೂ ಅದು ತಕ್ಕದ್ದು. ಅನ್ನ, ಸಾರು, ನೀರುದೋಸೆಗೆ ಗ್ಯಾಸ್ ಒಲೆಯೇ ಇರಲಿ. ಕೇಕ್ ಮಾಡುವುದಾದರೆ ಮೇಜು ಸಮತಟ್ಟಾಗಿದೆಯೇ ಎಂದು ತಟ್ಟೆಯಲ್ಲಿ ನೀರಿಟ್ಟು ನೋಡಿ, ಇಲ್ಲವಾದರೆ ಹಿಟ್ಟು ಒಂದು ಬದಿಗೆ ಸರಿದು ಅಲ್ಲಿಯೇ ಉಬ್ಬುತ್ತದೆ.

ಜನರೇಟರ್ ಬಳಸುವುದಾದರೆ ಅದು ಗಾಡಿಯಿಂದ ದೂರದಲ್ಲಿ, ಗಾಳಿ ಗಾಡಿಯ ಕಡೆಗೆ ಬೀಸದ ದಿಕ್ಕಿನಲ್ಲಿರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ತಿಳಿಯುವುದೇ ಇಲ್ಲ.

ಕರಿಕೆಯಿಂದ ಭಾಗಮಂಡಲಕ್ಕೆ ಏರುವ ತಿರುವುಗಳಿಗೆ ಮುನ್ನ ಓವನ್ ಪೂರ್ತಿ ಆರಿರಬೇಕು. ಒಳಗಿನ ತಟ್ಟೆ, ಸರಳುಗಳನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ, ಗಾಜಿನ ಬಾಗಿಲಿಗೆ ದಪ್ಪ ಬಟ್ಟೆ ಕಟ್ಟಿ, ಓವನನ್ನು ಕೆಳಗಿನ ಕಪಾಟಿನಲ್ಲಿ ಬೆಲ್ಟಿನಿಂದ ಬಿಗಿಯಿರಿ. ಮಳೆಗಾಲವಿಡೀ ಕಪಾಟಿನಲ್ಲಿದ್ದ ಓವನ್ ಆದರೆ ಹೊರಡುವ ಮೊದಲು ಮನೆಯಲ್ಲಿಯೇ ಪ್ಲಗ್ಗಿನ ಕಾಲುಗಳಿಗೆ ತುಕ್ಕು, ಕಿಲುಬು ಹಿಡಿದಿದೆಯೇ ನೋಡಿ ಒರೆಸಿ, ಖಾಲಿ ಓವನನ್ನು ಹತ್ತು ನಿಮಿಷ ಉರಿಸಿ. ಆಗ ಆರ್‌ಸಿಸಿಬಿ ಬಿದ್ದು ಕರೆಂಟು ಹೋದರೆ ಕಾಯಿಲಿನೊಳಗೆ ಪಸೆ ಸೇರಿರಬಹುದು. ರಿಪೇರಿಯವರಿಗೆ ತೋರಿಸದೆ ಅದನ್ನು ಗಾಡಿಗೆ ಏರಿಸಬೇಡಿ.